ಕೈ ತೊಳೀರಿ, ಸೀಗಡಿ ಹಾಕೀನಿ

ನಿನ್ನೆ ಮಸ್ಕಿಯಿಂದ ಬಂದೆ. ಬಸ್ಸಿನಲ್ಲಿ ಕೂತಾಗಿನಿಂದ ಮೊಣಕಾಲು ಹಿಡಿದುಕೊಂಡಿವೆ, ಸೊಂಟ ನನ್ನದಲ್ಲವೇನೋ ಎನ್ನುವ ಹಾಗಾಗಿದೆ. ಆದರೂ ಮುಖದ ಮೇಲಿನ ನಗೆ ಇನ್ನೂ ಇಳಿದಿಲ್ಲ. ಬಸ್ಸಿನಲ್ಲಿ ಪಕ್ಕಕ್ಕೆ ಕೂತಿದ್ದ ಹೆಣ್ಣುಮಗಳು ಕೇಳಿಯೇ ಬಿಟ್ಟಳು.

"ಯಾಕ ಬೇ ಯಮ್ಮಾ, ಒಬ್ಬಾಕಿನ ನಗಾಕತ್ತಿಯಲ್ಲ?"

"ನನ್ನ ಮೊಮ್ಮಗಳು ಸೀಗಡಿ ಹುರದು ಹಾಕಿದ್ಳವಾ" ಅಂದೆ.

ಅಷ್ಟಕ್ಕೇ ಇಷ್ಟು ನಗುವುದೇ ಎಂಬಂತೆ ನೋಡಿ ಆಕೆ ಕಿಟಕಿಯ ಕಡೆ ತಿರುಗಿದಳು. ಅವಳಿಗೇನು ಗೊತ್ತು.

ಮೊಮ್ಮಗಳೆಂದರೆ ನನ್ನ ಮಗಳ ಮಗಳು. ಮಗಳನ್ನು ಕೊಟ್ಟಿದ್ದು ಲಿಂಗಸುಗೂರಿಗೆ. ಈ ಹುಡುಗಿ ಕಾಲೇಜು ಓದಲೆಂದು ಸಿಂಧನೂರಿಗೆ ಬಂದು ನನ್ನ ಹತ್ತಿರವೇ ಇದ್ದಳು. ಈ ವರ್ಷ ಮಸ್ಕಿಗೆ ಮದುವೆಯಾಗಿ ಹೋದಳು. ಅವಳ ಗಂಡನ ಮನೆಯಲ್ಲಿ ನಾನು ಕೂತು ಉಂಡಿದ್ದು ಇದೇ ಮೊದಲು. ಚಪ್ಪಲಿ ಬಿಡುವುದರೊಳಗೇ ಒಳಗಿನಿಂದ ಸಾಸಿವೆಯ ಘಾಟು, ಅದರ ಹಿಂದೆ ಪುಂಡಿ ಸೊಪ್ಪಿನ ಹುಳಿ ವಾಸನೆ ಬಂತು. ಆಮೇಲೆ ಅವಳ ದನಿ ಬಂತು. "ಅಜ್ಜೀ, ಕೈ ತೊಳ್ಕೊ, ಸೀಗಡಿ ಹಾಕೀನಿ!"

ಆ ಮಾತು ಅವಳದಲ್ಲ. ಅವಳ ತಾಯಿಯದೂ ಅಲ್ಲ, ನನ್ನದೂ ಅಲ್ಲ. ನಮ್ಮ ಪಕ್ಕದ ಮನೆಯವಳದು. ಆಕೆ ಈಗ ಇಲ್ಲ. ಈ ಸಲದ ನಾಟಿಗೆ ಕಾಲುವೆಗೆ ನೀರು ಬಿಡುವ ಮುಂಚೆಯೇ ಹೋದಳು. ಸಂತೋಷವನ್ನು ಹೇಳಲು ಕೂತವಳು ಸತ್ತವಳಿಂದ ಶುರು ಮಾಡುತ್ತಿದ್ದೇನೆ. ಏನು ಮಾಡಲಿ, ಎರಡೂ ಒಂದೇ ಬಾಣಲೆಯಲ್ಲಿವೆ.

ಓಣಿಯವರೆಲ್ಲ ಆಕೆಯನ್ನು ಮಾಶಿ ಎನ್ನುತ್ತಿದ್ದರು. ಅವರ ಭಾಷೆಯಲ್ಲಿ ಮಾಶಿ ಎಂದರೆ ಚಿಕ್ಕವ್ವ. ಆಕೆಯ ತಂದೆ ತಾಯಿ ಬಂಗಾಳದ ಕಡೆಯಿಂದ ಬಂದು ಸಿಂಧನೂರಿನ ಹತ್ತಿರದ ನಿರಾಶ್ರಿತರ ಕ್ಯಾಂಪಿನಲ್ಲಿ ನೆಲೆ ನಿಂತವರು. ಆಕೆ ಹುಟ್ಟಿದ್ದು ಇಲ್ಲಿಯೇ. ನಮ್ಮ ಮಾತನ್ನು ನನಗಿಂತ ಜೋರಾಗಿ ಆಡುತ್ತಿದ್ದಳು, ತಾನು ಭತ್ತದ ನಾಟಿಗೆ ಕೂಲಿ ಹೋಗುತ್ತಿದ್ದ ಗುಂಪಿನ ತೆಲುಗು ಹೆಂಗಸರ ಜೊತೆ ತೆಲುಗಿನಲ್ಲಿ ಜಗಳವಾಡುತ್ತಿದ್ದಳು, ತೀರಾ ದಣಿದಾಗ ಮಾತ್ರ ತಾಯಿಯ ಭಾಷೆಯಲ್ಲಿ ಏನೋ ಗೊಣಗುತ್ತಿದ್ದಳು. ಗಂಡ ದಢೇಸುಗೂರಿನ ಕಡೆ ಒಂದು ಮೀನಿನ ಹೊಂಡಕ್ಕೆ ಕಾವಲುಗಾರ. ವಾರಕ್ಕೊಮ್ಮೆ ಮನೆಗೆ ಬರುವಾಗ ಹೊಂಡದವರು ಕೊಟ್ಟ ಸಣ್ಣ ಸೀಗಡಿಗಳನ್ನು ಬಕೆಟ್ಟಿನಲ್ಲಿ ತರುತ್ತಿದ್ದ. ತಂದಿಟ್ಟು, ಮಾತಾಡದೆ ಮಲಗಿಬಿಡುತ್ತಿದ್ದ. ಆ ಮನೆಯಲ್ಲಿ ಇಬ್ಬರೂ ದಣಿದವರೇ.

ನಾನು ಆಕೆಯನ್ನು ಮೊದಲು ನೋಡಿದ್ದು ಓಣಿಯ ನಳದ ಹತ್ತಿರ. ಖಾಲಿ ಕೊಡವನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಬಾಯಿಗೆ ಗಲ್ಲ ಊರಿ ನಿದ್ದೆ ಹೋಗಿದ್ದಳು. ಕಾಲ್ಬೆರಳ ಸಂದಿಯಲ್ಲೆಲ್ಲ ಕೆಸರು ತಿಂದ ಹುಣ್ಣು, ಅದಕ್ಕೆ ಮೆತ್ತಿದ ಅರಿಸಿನ. ನೀರು ಬಂತು ಎಂದು ನಾನು ಭುಜ ಮುಟ್ಟಿದೆ. ಕಣ್ಣು ತೆರೆಯದೆಯೇ ಹೇಳಿದಳು:

"ನೀ ತುಂಬ್ಕೊ ಅಕ್ಕಾ. ನನ್ನ ಕೊಡಾನೂ ತುಂಬಿಡು. ನಾ ಇನ್ನೊಂದೀಟು ಸಾಯ್ತೀನಿ."

ನಾನು ನಕ್ಕೆ. ಅಂದಿನಿಂದ ಗೆಳೆತನ.

ನಾನು ಗುರುಗುಂಟಾದವಳು. ನಮ್ಮದು ಒಣ ಬೇಸಾಯದ ಸೀಮೆ, ಆಡು ಕುರಿಗಳ ಸೀಮೆ. ನೀರಿನಲ್ಲಿ ಹರಿದಾಡುವುದನ್ನು ತಿನ್ನುವುದು ನಮ್ಮ ತವರಿನಲ್ಲಿ ಯಾರಿಗೂ ರೂಢಿಯಿರಲಿಲ್ಲ. ಮಾಂಸ ಎಂದರೆ ಹೊತ್ತು ಮುಳುಗುವವರೆಗೆ ಕುದಿಯಬೇಕು, ಎಲುಬಿನಿಂದ ತಾನಾಗಿಯೇ ಬಿಟ್ಟು ಬರಬೇಕು. ಮಾಶಿ ಮೊದಲ ಸಲ ಒಂದು ತಟ್ಟೆ ಹಸಿ ಸೀಗಡಿ ಕೊಟ್ಟಾಗ ನಾನು ಅದನ್ನು ಕುಕ್ಕರಿಗೆ ಹಾಕಿ, ಮಸಾಲೆ ರುಬ್ಬಿ ಸುರಿದು, ಮರಿ ಮಾಂಸಕ್ಕೆ ಕೂಗಿಸುವಷ್ಟು ಸೀಟಿ ಕೂಗಿಸಿದೆ. ಸಾಲದೇನೋ ಎಂದು ಮೇಲೊಂದು ಕೂಗಿಸಿದೆ.

ನನ್ನ ಗಂಡ ಒಂದನ್ನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದ. ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುವವನ ದವಡೆ ಅದು, ಕಲ್ಲನ್ನೂ ಅಗಿಯುತ್ತಿತ್ತು. ಕೊನೆಗೆ ತೆಗೆದು ತಟ್ಟೆಯ ಅಂಚಿಗಿಟ್ಟ. ಅತ್ತೆ ತನ್ನ ಪಾಲಿನದನ್ನು ಬೆರಳಿನಿಂದ ಒತ್ತಿ ನೋಡಿ ಹೇಳಿದಳು, "ಇದೇನ್ ಬೇ, ಸೈಕಲ್ ಟೂಬಿನ ಸಾರು ಮಾಡಿಯೇನು? ಪಂಚರ್ ಅಂಗಡ್ಯಾಗ ಕೊಟ್ಟು ಬಾ, ಉಪಯೋಗಕ್ಕ ಬರ್ತೈತಿ."

ಈ ಸುದ್ದಿ ಗೋಡೆ ದಾಟಿತು. ಮಾಶಿ ಸೊಂಟ ಹಿಡಿದುಕೊಂಡು ನಕ್ಕಳು. ನಗಲೂ ಆಕೆಗೆ ಸುಸ್ತಾಗುತ್ತಿತ್ತು, ಗೋಡೆಗೆ ಒರಗಿ ನಗಬೇಕಿತ್ತು. "ಅಕ್ಕಾ, ಅದೇನು ಹೋತ ಅಲ್ಲ. ಅದಕ್ಕ ಎಲುಬ ಇಲ್ಲ. ಎಲುಬ ಇಲ್ಲದೋರ್ನ ಇಷ್ಟು ಯಾಕ ಕಾಡಿದಿ?"

ಮುಂದಿನ ವಾರ ನನ್ನನ್ನು ಕರೆದು ಒಲೆಯ ಮುಂದೆ ನಿಲ್ಲಿಸಿಕೊಂಡಳು. ಆಕೆ ಸೀಗಡಿ ಸುಲಿಯುವುದನ್ನು ನೋಡಬೇಕಿತ್ತು. ನಾಟಿಯಲ್ಲಿ ಸಸಿ ಕಟ್ಟಿನಿಂದ ನಾಲ್ಕೈದು ಎಳೆಗಳನ್ನು ಹೆಬ್ಬೆರಳು ಹೇಗೆ ಬಿಡಿಸಿ ಕೆಸರಿಗೆ ಒತ್ತುತ್ತದೋ ಹಾಗೆಯೇ ಆ ಹೆಬ್ಬೆರಳು ಬೆನ್ನ ಮೇಲಿನ ಕರೀ ನರವನ್ನು ಎಳೆದು ಬಿಸಾಡುತ್ತಿತ್ತು. ಕಣ್ಣು ಅರ್ಧ ಮುಚ್ಚಿರುತ್ತಿತ್ತು. ಒಲೆಯ ಮುಂದೆ ಒಂದೇ ಕಾಲಿನ ಮೇಲೆ ನಿಲ್ಲುತ್ತಿದ್ದಳು, ಇನ್ನೊಂದು ಪಾದವನ್ನು ಮೊಣಕಾಲಿಗೆ ಒತ್ತಿ, ಗದ್ದೆಯ ಕೊಕ್ಕರೆ ನಿಲ್ಲುತ್ತದಲ್ಲ, ಹಾಗೆ. ಯಾಕೆ ಹೀಗೆ ಎಂದರೆ, "ಒಂದು ಕಾಲಿಗರ ರಜಾ ಕೊಡೂನು" ಎನ್ನುತ್ತಿದ್ದಳು.

ಸಾಸಿವೆ ಎಣ್ಣೆ ಹೊಗೆಯಾಡುವವರೆಗೆ ಕಾಯಬೇಕು. ಅದಕ್ಕೆ ಹಸಿಮೆಣಸಿನಕಾಯಿಯ ಜೊತೆ ಅರೆದ ಸಾಸಿವೆ ಒಂದು ಚಮಚ. ಅದರ ಮೇಲೆ ಸೀಗಡಿ. ಅಷ್ಟೇ ಆಕೆಯ ತಾಯಿಯ ಅಡುಗೆ. ನಾನು ಮನೆಯಿಂದ ರಂಜಕ ತಂದೆ. ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಸೇರಿಸಿ ರುಬ್ಬಿ ಭರಣಿಯಲ್ಲಿಟ್ಟ ನಮ್ಮ ಖಾರ. ಮಾಶಿ ಬೆರಳ ತುದಿಯಿಂದ ನೆಕ್ಕಿ, ಕಿವಿ ಹಿಡಿದುಕೊಂಡು, "ಇದು ಎದ್ದು ಕೂಡಸ್ತೈತಿ ನೋಡು, ದಣದೋರಿಗೆ ಇದು ಬೇಕು" ಎಂದು ಒಂದು ಚಮಚ ಎಣ್ಣೆಗೆ ಬಿಟ್ಟಳು. ಇನ್ನೊಂದು ಸಲ ಗೊರೇಬಾಳದ ಗದ್ದೆಯಲ್ಲಿ ನಾಟಿ ಮುಗಿಸಿ ಬರುವಾಗ ತೆಲುಗು ಹೆಂಗಸೊಬ್ಬಳು ಪುಂಡಿ ಸೊಪ್ಪು ಕೊಟ್ಟಳಂತೆ, ಅದನ್ನು ಹಿಸುಕಿ ಹಾಕಿದಳು. ಹುಳಿ, ಖಾರ, ಘಾಟು ಮೂರೂ ಸೇರಿದವು. ಇದಕ್ಕೇನು ಹೆಸರು ಎಂದೆ.

"ಹೆಸರಿಡೂದ್ರಾಗ ತಣ್ಣಗಾಗತೈತಿ" ಅಂದಳು. "ನೋಡು, ಕುಡುಗೋಲಿನಂಗ ಬಾಗಿದ್ರ ಇಳಸು. ಬಳಿಯಂಗ ದುಂಡಗ ಸುತ್ತಿತಂದ್ರ ನಾಯಿಗೆ ಹಾಕು."

ಕುಡುಗೋಲಿಗೂ ಬಳೆಗೂ ನಡುವೆ ಎಷ್ಟು ಹೊತ್ತು? ಅದಕ್ಕೆ ಆಕೆಯ ಹತ್ತಿರ ಒಂದು ಅಳತೆ ಇತ್ತು. ಸೀಗಡಿಯನ್ನು ಎಣ್ಣೆಗೆ ಬಿಟ್ಟ ಕೂಡಲೇ ಓಣಿಗೆ ಕೇಳುವಂತೆ ಕೂಗುತ್ತಿದ್ದಳು, "ಕೈ ತೊಳೀರಿ, ಸೀಗಡಿ ಹಾಕೀನಿ!" ಮಂದಿ ಎದ್ದು, ಬಚ್ಚಲಿಗೆ ಹೋಗಿ, ಕೈ ತೊಳೆದು, ಒರೆಸಿಕೊಂಡು, ತಟ್ಟೆಯ ಮುಂದೆ ಕೂರುವಷ್ಟರಲ್ಲಿ ಸೀಗಡಿ ಬಾಗಿರುತ್ತಿತ್ತು. ಸೋಮಾರಿಗಳು ತಡ ಮಾಡಿದರೆ ಬೈಗುಳ. "ಇದು ಕುರಿ ಸಾರಲ್ಲ, ನೀವು ಬರೂತನಕ ಒಲಿ ಮ್ಯಾಲ ಕುಂತಿರಾಕ. ಸೀಗಡಿ ಯಾರಿಗೂ ಕಾಯಂಗಿಲ್ಲ!"

ಈ ಮಾತಿನಿಂದಲೇ ನಮ್ಮ ಮನೆಯಲ್ಲಿ ಒಂದು ದಿನ ದೊಡ್ಡ ಪೇಚಾಟವಾಯಿತು.

ನಮ್ಮ ಮನೆಯ ಪದ್ಧತಿ ಹೇಳುತ್ತೇನೆ. ಮೊದಲು ಗಂಡಸರು ಉಣ್ಣಬೇಕು. ಅವರು ಎದ್ದ ಮೇಲೆ ಅತ್ತೆ. ಅತ್ತೆ ಎದ್ದ ಮೇಲೆ ನಾನು. ಯಾರೂ ಬಡಿದು ಕಲಿಸಿದ್ದಲ್ಲ, ಹೊತ್ತು ಮೂಡಿದ ಹಾಗೆ ಅದು. ಕುರಿ ಸಾರಾದರೆ ಪರವಾಗಿಲ್ಲ, ಆರಿದರೂ ರುಚಿ ಕೂಡುತ್ತದೆ. ಒಂದು ದಿನ ಮಾಶಿಯ ಮನೆಯಲ್ಲಿ ಗ್ಯಾಸ್ ಮುಗಿದು, ಬಾಣಲೆಯನ್ನೂ ಸೀಗಡಿಯನ್ನೂ ಹಿಡಿದು ನಮ್ಮ ಅಡುಗೆಮನೆಗೆ ಬಂದಳು. ನನ್ನ ಗಂಡ ಗಿರಣಿಯಿಂದ ಬಂದು, ಕೈ ತೊಳೆದು, ತಟ್ಟೆಯ ಮುಂದೆ ಕೂತ. ಅತ್ತೆ ಕಂಬಕ್ಕೆ ಒರಗಿ ನಿಂತಳು. ನಾನು ಬಾಗಿಲ ಮರೆಯಲ್ಲಿ. ಎಣ್ಣೆ ಹೊಗೆಯಾಡುತ್ತಿದೆ. ಮಾಶಿ ಮಾತ್ರ ಸೀಗಡಿಯ ತಟ್ಟೆಯನ್ನು ಎದೆಗೆ ಹಿಡಿದುಕೊಂಡು ಸುಮ್ಮನೆ ಒಂಟಿ ಕಾಲಿನಲ್ಲಿ ನಿಂತಿದ್ದಾಳೆ.

"ಹಾಕು ತಾಯಿ, ಯಾಕ ನಿಂತಿ?" ಅಂದಳು ಅತ್ತೆ.

"ನೀವು ಕೂಡ್ರಿ, ಹಾಕ್ತೀನಿ."

"ನಾನಾ? ನನ್ನ ಮಗ ಉಣ್ಲಿ ಮೊದಲ."

"ಅವರು ಉಂಡು ಏಳೂದ್ರಾಗ ನಿಮ್ಮ ಪಾಲಿಂದು ಬಳಿ ಆಗಿರ್ತೈತಿ. ನಿಮ್ಮ ಸೊಸಿ ಪಾಲಿಂದು ಸೈಕಲ್ ಟೂಬು. ನಾ ಟೂಬು ಮಾಡಂಗಿಲ್ಲ ಯಮ್ಮಾ, ಎಲ್ಲಾರೂ ಕೂಡ್ರಿ."

"ನಮ್ಮ ಮನ್ಯಾಗ ಹಂಗಿಲ್ಲ."

"ನಿಮ್ಮ ಮನ್ಯಾಗ ಸೀಗಡೀನೂ ಇದ್ದಿಲ್ಲ."

ಎಣ್ಣೆಯ ಹೊಗೆಗೆ ಎಲ್ಲರೂ ಕೆಮ್ಮತೊಡಗಿದರು. ಮಾಶಿ ಜಗ್ಗಲಿಲ್ಲ. "ಎಣ್ಣಿ ಸುಡಾಕತ್ತೈತಿ. ಯಾರ್ಯಾರು ನಿಂತೀರಿ ಅವರ ಹೆಸರಿಲೆ ಸುಡಾಕತ್ತೈತಿ."

ನನ್ನ ಗಂಡ ಬೆಳಗಿನಿಂದ ಮೂಟೆ ಹೊತ್ತವನು. ಹಸಿವಿನ ಮುಂದೆ ಅವನಿಗೆ ಯಾವ ಪದ್ಧತಿ. "ಯವ್ವಾ, ಕೂಡು ಮಾರಾಯ್ತಿ! ಅಕೀನೂ ಕರೀ. ಬಾ ಲೇ, ಕೂಡು. ನಿಮ್ಮ ಪಂಚಾಯ್ತಿದಾಗ ನಾ ಸಾಯ್ತೀನಿ."

ಅತ್ತೆ ಗೊಣಗುತ್ತಾ ಕೂತಳು. ನಾನು ಆಕೆಯ ಪಕ್ಕದಲ್ಲಿ, ಸೆರಗು ಹೊದ್ದುಕೊಂಡು, ಏನೋ ಕದಿಯಲು ಬಂದವಳಂತೆ ಕೂತೆ. ಆಗ ಸೀಗಡಿ ಎಣ್ಣೆಗೆ ಬಿತ್ತು. ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ತಟ್ಟೆಗೆ ಬಿದ್ದಾಗ ಇನ್ನೂ ಎಣ್ಣೆ ಕುದಿಯುತ್ತಿತ್ತು. ಬಿಸಿ ರೊಟ್ಟಿ, ಬಿಸಿ ಸೀಗಡಿ. ನಾಲಿಗೆ ಸುಟ್ಟಿತು. ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ಅಡುಗೆಯಿಂದ ನನ್ನ ನಾಲಿಗೆ ಸುಟ್ಟಿದ್ದು ಅದೇ ಮೊದಲು. ಅತ್ತೆ ಮೊದಲ ತುತ್ತು ಊದಿ ಊದಿ ತಿಂದಳು. ಆಮೇಲೆ ತಟ್ಟೆಯನ್ನು ಮುಂದೆ ಸರಿಸಿ, "ಇನ್ನೊಂದೀಟು ಹಾಕು, ಮೀನ ತಿನ್ನೋರ ಮಗಳ" ಅಂದಳು. ಅದು ಬೈಗುಳವಲ್ಲ ಎಂದು ಎಲ್ಲರಿಗೂ ತಿಳಿಯಿತು.

ಅವತ್ತಿನಿಂದ ಸೀಗಡಿಯ ದಿನ ಎಲ್ಲರೂ ಒಟ್ಟಿಗೆ. ಬರುಬರುತ್ತಾ ಬೇರೆ ದಿನವೂ ಒಟ್ಟಿಗೆ.

ಆದರೆ ನಾನೊಂದು ಕಂಡುಕೊಂಡೆ. ಎಲ್ಲರನ್ನೂ ಕೂಡಿಸುವವಳು ತಾನು ಕೂರುತ್ತಿರಲಿಲ್ಲ. ಹೇಗೆ ಕೂತಾಳು? ಒಲೆ ಕಟ್ಟೆಯ ಮೇಲಿದೆ, ಒಲೆಯ ಮುಂದೆ ಯಾರಾದರೂ ನಿಂತಿರಲೇಬೇಕು. ಒಂದು ಬಾಣಲೆ ಇಳಿಸಿ, ಬಡಿಸಿ, ಇನ್ನೊಂದು ಹಿಡಿ ಹಾಕಿ, ಮತ್ತೆ ಬಡಿಸಿ. ಎಲ್ಲರೂ ಎದ್ದ ಮೇಲೆ ಬಾಣಲೆಗೆ ಆರಿದ ಅನ್ನ ಹಾಕಿ, ಅಂಟಿದ ಖಾರವನ್ನು ಅದರಲ್ಲೇ ಒರೆಸಿಕೊಂಡು, ಒಂಟಿ ಕಾಲಿನಲ್ಲಿ ನಿಂತೇ ಉಣ್ಣುತ್ತಿದ್ದಳು. "ಬಾಣಲಿ ಅನ್ನದ ರುಚಿ ನಿಮಗ ಗೊತ್ತಿಲ್ಲ" ಎನ್ನುತ್ತಿದ್ದಳು. ಇರಬಹುದು. ಅದರಲ್ಲಿ ಸೀಗಡಿ ಇದ್ದಿದ್ದನ್ನು ಮಾತ್ರ ನಾನು ಕಾಣಲಿಲ್ಲ.

ಇದೇ ಮೊಮ್ಮಗಳು ಹುಟ್ಟಿದಾಗ ನಾವಿಬ್ಬರೂ ಲಿಂಗಸುಗೂರಿಗೆ ಹೊರಟೆವು. ಕೂಸು ನೋಡುವ ಅವಸರಕ್ಕೆ ನನ್ನ ಕಾಲು ನೆಲದ ಮೇಲಿರಲಿಲ್ಲ. ನಮ್ಮ ಬಸ್ಸು ಮಸ್ಕಿಯಲ್ಲಿ ಕೆಟ್ಟು ನಿಂತಿತು. ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತೆವು. ಕೂತ ಕೂಡಲೇ ಮಾಶಿ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಹಿಂದಿನ ದಿನವೆಲ್ಲ ಬಾಗಿ ನಾಟಿ ಮಾಡಿದವಳು. ಮುಂದಿನ ಬಸ್ಸು ಬಂತು. ಎಬ್ಬಿಸಲು ಕೈ ಎತ್ತಿದೆ, ಮುಖ ನೋಡಿ ಕೈ ಕೆಳಗಿಳಿಯಿತು. ಬಸ್ಸು ಹೋಯಿತು. ಆಕೆ ಎದ್ದು, ವಿಷಯ ತಿಳಿದು, ನನ್ನನ್ನೇ ಬೈದಳು.

"ಹುಚ್ಚಿ ಅದಿಯೇನು? ಅಲ್ಲಿ ಮೊಮ್ಮಗಳು ಹುಟ್ಟ್ಯಾಳ, ಇಲ್ಲಿ ನೀ ಬಸ್ಸು ಬಿಟ್ಟಿ! ಬಸ್ಸೂ ಸೀಗಡೀನೂ ಒಂದ ಅಕ್ಕಾ, ಯಾರಿಗೂ ಕಾಯಂಗಿಲ್ಲ."

"ಇರ್ಲಿ ಬಿಡು. ನೀ ಕೂತಿದ್ದು ನೋಡಿ ಎಷ್ಟು ದಿನ ಆಗಿತ್ತು."

ಬುತ್ತಿ ಬಿಚ್ಚಿದೆವು. ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ. ಇಬ್ಬರೂ ಒಟ್ಟಿಗೆ ತಿಂದೆವು. ಆಗ ಕೇಳಿದೆ, "ಸೀಗಡಿ ಮಾಡಿದಾಗ ನೀ ಯಾವಾಗ ಹಿಂಗ ಕೂತು ಉಣ್ಣಾಕಿ?"

ಆಕೆ ರೊಟ್ಟಿ ಮುರಿಯುತ್ತಾ ಸ್ವಲ್ಪ ಯೋಚಿಸಿದಳು. "ಬಸ್ಸು ತಪ್ಪಿದಾಗ" ಅಂದಳು.

ಇಬ್ಬರೂ ನಕ್ಕೆವು. ಆದರೆ ಆ ದಿನವೇ ನನ್ನ ಮನಸ್ಸಿನಲ್ಲಿ ಒಂದು ಆಸೆ ಕೂತಿತು. ಈಕೆ ಒಮ್ಮೆಯಾದರೂ ನಮ್ಮ ನಡುವೆ ಕೂತು, ತಾನು ಮಾಡುವ ಆ ಸೀಗಡಿಯನ್ನು ಬಿಸಿಯಾಗಿ, ಹೊಟ್ಟೆ ತುಂಬ ಉಣ್ಣಬೇಕು. ದೊಡ್ಡ ಆಸೆಯೇನಲ್ಲ. ಆದರೂ ಕೈಗೆ ಹತ್ತಲಿಲ್ಲ.

ನಾನೇ ಮಾಡಿ ಬಡಿಸುತ್ತೇನೆ, ನೀ ಕೂಡು ಎಂದು ಜಬರ್ದಸ್ತಿಯಿಂದ ಕೂಡಿಸಿದ ದಿನಗಳುಂಟು. ನನ್ನ ಕೈ ಒಣ ಸೀಮೆಯ ಕೈ. ಇನ್ನೂ ಬೆಂದಿಲ್ಲವೇನೋ ಎಂಬ ಅಂಜಿಕೆ ಬಿಡುವುದೇ ಇಲ್ಲ. ಪ್ರತಿ ಸಲವೂ ಬಳೆ. ಆಕೆ ಒಂದನ್ನು ಎತ್ತಿ ಕಿರುಬೆರಳಿಗೆ ಉಂಗುರದ ಹಾಗೆ ಹಾಕಿಕೊಂಡು, "ನಿನ್ನ ಮಗಳಿಗೆ ಮಾಡಿಸಿದ್ಯಾ? ಛಲೋ ಅದಾವ" ಎಂದು ಚಾಷ್ಟಿ ಮಾಡಿ, ಎದ್ದು ಸೌಟು ಕಸಿದುಕೊಳ್ಳುತ್ತಿದ್ದಳು. "ದಣದ ಕೈಗೆ ಉದ್ದನ ಅಡಿಗಿ ಒಗ್ಗಂಗಿಲ್ಲ ಅಕ್ಕಾ. ನೀ ಇನ್ನೂ ಪೂರಾ ದಣದಿಲ್ಲ, ಅದಕ್ಕ ಇಷ್ಟೊತ್ತು ಬೇಯಸ್ತಿ."

ವರ್ಷಗಳು ಹೋದವು. ಅತ್ತೆ ಹೋದಳು. ನನ್ನ ಗಂಡನ ಬೆನ್ನು ಮೂಟೆ ಹೊರುವುದನ್ನು ನಿಲ್ಲಿಸಿತು. ಮಾಶಿ ಮಾತ್ರ ನಾಟಿಗೆ ಹೋಗುತ್ತಲೇ ಇದ್ದಳು. ಮೊಮ್ಮಗಳು ಕಾಲೇಜಿಗೆಂದು ಬಂದು ನಮ್ಮ ಮನೆಯಲ್ಲಿ ಉಳಿದ ಮೇಲೆ ಮಾಶಿಯ ಅಡುಗೆಗೆ ಇನ್ನೊಂದು ಊರು ಸೇರಿತು. ಗೋಬಿ ಗಾಡಿಯವರು ಹಾಕುತ್ತಾರಲ್ಲ, ಸೋಯಾ ಸಾಸು, ಆ ಕರೀ ನೀರಿನ ಬಾಟಲಿ ತಂದಳು. "ಒಂದು ಹನಿ ಹಾಕಿ ನೋಡು ಮಾಶಿ" ಅಂದಳು. ಮಾಶಿ ಮೂಸಿದಳು. "ಇದೇನ ಲೇ, ಬ್ಯಾಟ್ರಿ ನೀರೇನು?" ಅನ್ನುತ್ತಲೇ ಹಾಕಿದಳು. ರುಚಿ ನೋಡಿ, "ಇದ್ರಾಗ ಉಪ್ಪು ಐತಿ, ನಿಮ್ಮಜ್ಜಿ ಖಾರದಾಗ ಉಪ್ಪು ಐತಿ. ಹಂಗಾದ್ರ ನನ್ನ ಉಪ್ಪು ಬಿಟ್ಟ್ರಾತು" ಎಂದು ಉಪ್ಪಿನ ಡಬ್ಬಿಯನ್ನು ಬದಿಗೆ ಸರಿಸಿದಳು. ಎರಡೂ ಮುಖಗಳು ಒಂದೇ ಬಾಣಲೆಯ ಮೇಲೆ ಬಾಗಿದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನನ್ನ ಹೊಟ್ಟೆ ಉಣ್ಣದೆಯೇ ತುಂಬಿತ್ತು.

ಹೋದ ಚಳಿಗಾಲದಲ್ಲಿ ಮಾಶಿ ನಾಟಿಯ ಸಾಲಿನಲ್ಲಿ ಬಾಗಿದವಳು ಮೇಲೇಳಲಿಲ್ಲ. ಗದ್ದೆಯ ಹೆಂಗಸರು ಆಟೋದಲ್ಲಿ ತಂದರು. ಕಾಲು ಬಾತಿದ್ದವು, ನಾಲ್ಕು ಹೆಜ್ಜೆಗೆ ಉಸಿರು ಹತ್ತುತ್ತಿತ್ತು. ದವಾಖಾನೆಗೆ ಹೋಗಿ ಬಂದ ಮೇಲೆ ನಾನು ಕೇಳಿದೆ, ಏನಂದರು ಎಂದು.

"ಎದಿ ದೊಡ್ಡದಾಗೈತಂತ ಅಕ್ಕಾ. ಇಷ್ಟು ಸಣ್ಣ ಮನ್ಯಾಗ ಅಷ್ಟು ದೊಡ್ಡದು ಎಲ್ಲಿ ಇಡೂದು?" ಅಂದಳು.

ಆಮೇಲೆ ಹಾಸಿಗೆಯೇ ಮನೆ. ಒಲೆಯ ಮುಂದೆ ನಿಲ್ಲುವುದು ಮುಗಿಯಿತು. ಗಂಡ ಹೊಂಡದ ಕೆಲಸ ಬಿಟ್ಟು ಬಂದು ಅನ್ನ ಬೇಯಿಸುತ್ತಿದ್ದ, ನಾನು ಸಾರು ಒಯ್ಯುತ್ತಿದ್ದೆ. ಎರಡು ತುತ್ತಿಗೆ ಸಾಕು ಎನ್ನುತ್ತಿದ್ದಳು. "ಬಾಯಿಗೆ ರುಚಿ ಇಲ್ಲ. ಅಗಿಯಾಕೂ ಬ್ಯಾಸರ." ನನಗೆ ಒಳಗೊಳಗೇ ಹೆದರಿಕೆ. ಆಕೆಯನ್ನು ಕೂಡಿಸಿ ಉಣಿಸುವ ನನ್ನ ಬಸ್ಸು ತಪ್ಪಿಯೇ ಹೋಗುತ್ತದೇನೋ ಎಂದು.

ಒಂದು ಭಾನುವಾರ ಮೊಮ್ಮಗಳು ಸಂತೆಯಿಂದ ಸೀಗಡಿ ತಂದಳು. ನಾನಂದೆ, "ನೀ ಮಾಡಿ ಒಯ್ದು ಕೊಡೂದ್ರಾಗ ತಣ್ಣಗಾಗತೈತಿ. ಅಕಿಗೆ ನಿಲ್ಲಾಕಾಗಂಗಿಲ್ಲ, ನನಗ ಮಾಡಾಕ ಬರಂಗಿಲ್ಲ."

"ಅಕಿಗೆ ಒಲಿ ಹತ್ರ ಬರಾಕ ಆಗದಿದ್ರ ಏನಾತಜ್ಜಿ, ಒಲೀನ ಅಕಿ ಹತ್ರ ಹೋಗತೈತಿ" ಅಂದಳು.

ನೋಡಿ, ಇಷ್ಟು ವರ್ಷ ನಮಗೆ ಇದು ಹೊಳೆದಿರಲಿಲ್ಲ. ಕಟ್ಟೆಯ ಮೇಲಿನ ಒಲೆ ಕಟ್ಟೆಯ ಮೇಲೆಯೇ ಇರಬೇಕು ಎಂದುಕೊಂಡಿದ್ದೆವು. ಹುಡುಗಿ ತನ್ನ ಚಹದ ಸಣ್ಣ ಗ್ಯಾಸನ್ನು ಬಗಲಲ್ಲಿಟ್ಟುಕೊಂಡು, ಗೋಡೆಯ ಆಚೆ ಹೋಗಿ, ಮಾಶಿಯ ಪಡಸಾಲೆಯ ನಟ್ಟನಡುವೆ ನೆಲದ ಮೇಲೆ ಇಟ್ಟಳು. ಮಾಶಿಯನ್ನು ಎಬ್ಬಿಸಿ, ಗೋಡೆಗೆ ದಿಂಬು ಕೊಟ್ಟು ಕೂಡಿಸಿದಳು. ಒಲೆಯ ಸುತ್ತ ನಾನು, ನನ್ನ ಗಂಡ, ಮಾಶಿಯ ಗಂಡ. ಎಲ್ಲರ ಮುಂದೆ ತಟ್ಟೆ. ಮಾಶಿಯ ಮುಂದೆಯೂ ತಟ್ಟೆ.

"ಇದೇನ ಲೇ, ಹೋಮ ಮಾಡ್ತಿಯೇನು?" ಅಂದಳು ಮಾಶಿ.

"ಹ್ಞೂಂ. ಮಂತ್ರ ನೀ ಹೇಳು."

ಎಣ್ಣೆ ಕಾಯಿತು. ಸಾಸಿವೆ, ರಂಜಕ, ಪುಂಡಿ. ಮಾಶಿಗೆ ಉಪ್ಪು ಬೇಡವೆಂದು ದವಾಖಾನೆಯಲ್ಲಿ ಹೇಳಿದ್ದರು, ಅದಕ್ಕೇ ಆ ಕರೀ ನೀರು ಹಾಕಲಿಲ್ಲ, ರಂಜಕ ಒಂದು ಚೂರು, ಪುಂಡಿ ಮಾತ್ರ ಒಂದು ಮುಷ್ಟಿ ಹೆಚ್ಚು. ಹುಳಿ ಉಪ್ಪಿನ ಕೆಲಸ ಮಾಡುತ್ತದೆ. ವಾಸನೆ ಎದ್ದ ಕೂಡಲೇ ಮಾಶಿಯ ಅರ್ಧ ಮುಚ್ಚಿದ ಕಣ್ಣು ತೆರೆದವು. ಹುಡುಗಿ ಸೀಗಡಿಯನ್ನು ಎತ್ತಿ ಹಿಡಿದು ಕಾಯುತ್ತಿದ್ದಳು. ಮಾಶಿ ಎಣ್ಣೆಯನ್ನೇ ನೋಡುತ್ತಿದ್ದಳು.

"ಈಗ ಹಾಕು."

ಬಿತ್ತು. ಅದೇ ಸದ್ದು. ಮಾಶಿ ಇದ್ದ ಉಸಿರನ್ನೆಲ್ಲ ಕೂಡಿಸಿಕೊಂಡು, ಓಣಿಗಲ್ಲ, ಆ ಕೋಣೆಗಷ್ಟೇ ಕೇಳುವಂತೆ ಅಂದಳು, "ಕೈ ತೊಳೀರಿ..."

ನಾವೆಲ್ಲ ತೊಳೆದೇ ಕೂತಿದ್ದೆವು. ಹುಡುಗಿ ತಂಬಿಗೆ ಎತ್ತಿ, "ನೀ ಒಬ್ಬಾಕಿನ ಉಳದಿ ಮಾಶಿ" ಎಂದು ಆಕೆಯ ಕೈಯನ್ನು ಹರಿವಾಣದ ಮೇಲೆ ಹಿಡಿದು ನೀರು ಸುರಿದಳು. ನಾಟಿಯ ಹೆಬ್ಬೆರಳು, ಉಗುರಿನ ಸುತ್ತ ಇನ್ನೂ ಹೋಗದ ಕೆಸರಿನ ಕಪ್ಪು. ಮಾಶಿ ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದಳು.

"ಬಾಗಿದ್ವು, ಇಳಸ ಲೇ!"

ಬಾಣಲೆಯಿಂದ ಮೊದಲ ಸೌಟು ಮಾಶಿಯ ತಟ್ಟೆಗೆ. ಆಕೆ ಒಂದನ್ನು ಬಾಯಿಗೆ ಹಾಕಿಕೊಂಡು, ತಡೆಯಲಾರದೆ ಬಾಯಿ ತೆರೆದು ಹಾ ಹಾ ಎಂದು ಗಾಳಿ ಎಳೆದುಕೊಂಡಳು. "ಸುಡ್ತು ಬೇ!" ಎಂದು ನಕ್ಕಳು. ಇನ್ನೊಂದು ತಿಂದಳು. ಮತ್ತೊಂದು ತಿಂದಳು. ಮೂಗಿನಲ್ಲಿ ನೀರು ಬಂತು, ಸೆರಗಿನಿಂದ ಒರೆಸಿಕೊಂಡಳು. ಆಕೆಯ ಗಂಡ ತನ್ನ ತಟ್ಟೆ ಮುಟ್ಟದೆ ಆಕೆಯನ್ನೇ ನೋಡುತ್ತಿದ್ದ.

ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ತಿರುಗಿ ಕೇಳಿದಳು, "ಅಕ್ಕಾ, ಇಷ್ಟು ವರ್ಷ ನಿಮಗೆಲ್ಲ ಹಿಂಗ ಬಿಸೀದು ಹಾಕ್ತಿದ್ನೇನು?"

"ಹ್ಞೂಂ. ಹಿಂಗ."

"ಹಂಗಾದ್ರ ಛಲೋನ ಮಾಡೀನಿ ಬಿಡು" ಅಂದಳು. ತಟ್ಟೆಯನ್ನು ಮುಂದೆ ಸರಿಸಿದಳು. "ಹಾಕ ಲೇ, ನೋಡ್ತಿ ಏನು? ಆಮ್ಯಾಲ ಬಳಿ ಆಗ್ತಾವ."

ಆ ಮೇಲೆ ಎಷ್ಟೋ ಭಾನುವಾರ ಆ ಪಡಸಾಲೆಯ ನಡುವೆ ಒಲೆ ಇಟ್ಟೆವು. ಎಲ್ಲ ಸಲವೂ ಆಕೆಗೆ ಉಣ್ಣಲಾಗಲಿಲ್ಲ. ಕೆಲವು ಸಲ ಈಗ ಹಾಕು, ಈಗ ಇಳಿಸು ಎಂದು ಹೇಳುವುದಷ್ಟೇ ಆಗುತ್ತಿತ್ತು. ಮದುವೆಯ ದಿನ ಹುಡುಗಿ ಹೋಗಿ ಕಾಲು ಮುಟ್ಟಿದಾಗ, ಗೋಡೆಗೆ ನೇತು ಹಾಕಿದ್ದ ಕಬ್ಬಿಣದ ಬಾಣಲೆಯನ್ನು ಕಣ್ಣಿನಿಂದಲೇ ತೋರಿಸಿದಳು. "ಒಯ್ಯಿ. ಸಾಬೂನು ಹಚ್ಚಬ್ಯಾಡ ಅದಕ್ಕ." ಆಮೇಲೆ ಬಹಳ ದಿನ ಇರಲಿಲ್ಲ. ಒಂದು ಮಧ್ಯಾಹ್ನ ಮಲಗಿದವಳು, ನಳದ ಹತ್ತಿರ ಮಲಗಿದ್ದಳಲ್ಲ, ಹಾಗೆಯೇ ಮಲಗಿದ್ದಳು. ಈ ಸಲ ಭುಜ ಮುಟ್ಟಿದರೆ ಮಾತಾಡಲಿಲ್ಲ. ಎಲ್ಲರೂ ಅತ್ತರು, ನಾನೂ ಅತ್ತೆ. ಆದರೂ ನಿಜ ಹೇಳುತ್ತೇನೆ, ಆ ಕಾಲುಗಳು ಎರಡೂ ಒಟ್ಟಿಗೆ ನೆಟ್ಟಗೆ ಚಾಚಿ ಮಲಗಿದ್ದನ್ನು ನೋಡಿ ಒಂದು ಕಡೆ ನನಗೆ ಸಮಾಧಾನವೂ ಆಯಿತು. ಎರಡಕ್ಕೂ ಒಮ್ಮೆಗೇ ರಜ ಸಿಕ್ಕಿತ್ತು.

ಮಸ್ಕಿಯಲ್ಲಿ ನಿನ್ನೆ ನಾನು ಕೈ ತೊಳೆದುಕೊಂಡು ಒಳಗೆ ಹೋದರೆ, ಪಡಸಾಲೆಯ ನಡುವೆ ನೆಲದ ಮೇಲೆ ಆ ಸಣ್ಣ ಗ್ಯಾಸು, ಅದರ ಮೇಲೆ ಮಾಶಿಯ ಬಾಣಲೆ. ಸುತ್ತ ಬೀಗರು, ಬೀಗತಿ, ಅವರ ಮಗ. ನನ್ನ ಮೊಮ್ಮಗಳು ಚಕ್ಕಲು ಮಕ್ಕಲು ಹಾಕಿಕೊಂಡು ಅವರ ನಡುವೆಯೇ ಕೂತಿದ್ದಾಳೆ, ಒಂದು ಕೈಯಲ್ಲಿ ಸೌಟು, ತೊಡೆಯ ಪಕ್ಕಕ್ಕೆ ತನ್ನ ತಟ್ಟೆ. ಬೀಗತಿ ನನಗಿಂತ ಸಣ್ಣವಳಾದರೂ ನನ್ನ ಹಾಗೆಯೇ ಬೆಳೆದವಳು. ಎಲ್ಲರೂ ಕೂತಿದ್ದು ನೋಡಿ ತಡೆಯಲಾರದೆ, ನೀರು ತರುತ್ತೇನೆಂದು ನೆಲಕ್ಕೆ ಕೈ ಊರಿ ಏಳಲು ಹೋದಳು. ಹುಡುಗಿ ಬಾಣಲೆಯಿಂದ ಕಣ್ಣು ತೆಗೆಯದೆ ಆಕೆಯ ಸೆರಗು ಹಿಡಿದಳು.

"ಕೂಡ್ರಿ ಅತ್ತಿ. ನೀರು ಕಾಯತೈತಿ, ಸೀಗಡಿ ಕಾಯಂಗಿಲ್ಲ."

ಬೀಗತಿ ನನ್ನ ಮುಖ ನೋಡಿದಳು. ನಾನು ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ನಗುತ್ತಿದ್ದೆ. ಕೂತಳು. ಸೀಗಡಿ ಬಾಗಿತ್ತು, ಕುಡುಗೋಲಿನ ಹಾಗೆ, ಒಂದೂ ಬಳೆಯಾಗಿರಲಿಲ್ಲ. ಎಲ್ಲರ ತಟ್ಟೆಗೂ ಬಿತ್ತು, ಅವಳ ತಟ್ಟೆಗೂ ಬಿತ್ತು. ಎಲ್ಲರ ನಾಲಿಗೆಯೂ ಸುಟ್ಟಿತು.

ಉಂಡ ಮೇಲೆ ನಾನೇ ಬಾಣಲೆಯನ್ನು ಹತ್ತಿರ ಎಳೆದುಕೊಂಡು ನೋಡಿದೆ. ರೊಟ್ಟಿಯ ಚೂರುಗಳಿಂದ ಎಲ್ಲರೂ ಬಳಿದು ಉಂಡಿದ್ದರು. ಒರೆಸಿಕೊಂಡು ತಿನ್ನಲು ಅದರಲ್ಲಿ ಏನೂ ಉಳಿದಿರಲಿಲ್ಲ.